ಅನಿಮೇಷನ್ ಚಿತ್ರದ ಶೈಲಿ ಹುಟ್ಟುವುದು ಗೆರೆಯಲ್ಲೋ, ಕೆಲಸದ ರೀತಿಯಲ್ಲೋ?

ಪೆನ್ಸಿಲ್‌ಗೆರೆ:

ಎಲ್ಲರಿಗೂ ನಮಸ್ಕಾರ. ನಾವು ಒಂದಷ್ಟು ಗೆಳೆಯರು ಸೇರಿ ಅನಿಮೇಷನ್ ಕಿರುಚಿತ್ರ ಮಾಡಲು ಹೊರಟಿದ್ದೇವೆ. ಗಡಿಯಾರ ರಿಪೇರಿ ಮಾಡುವ ಒಬ್ಬ ಮುದುಕ, ಅವನ ಅಂಗಡಿಗೆ ದಿನಾ ಬರುವ ಒಬ್ಬ ಹುಡುಗಿ. ಮುದುಕನಿಗೆ ಬರಬರುತ್ತಾ ಕಿವಿ ಕೇಳಿಸದಂತೆ ಆಗುತ್ತಿದೆ. ಇಷ್ಟೇ ಕಥೆ.

ಚಿತ್ರಕಥೆ ಆಯಿತು, ಪಾತ್ರಗಳ ಸ್ಕೆಚ್ ಕೂಡ ಆಯಿತು. ಈಗ ಎಲ್ಲರೂ ಸಿಕ್ಕಿಹಾಕಿಕೊಂಡಿರುವುದು ಒಂದೇ ಪ್ರಶ್ನೆಯಲ್ಲಿ. ನಮ್ಮ ಶೈಲಿ ಯಾವುದು? ಒಬ್ಬರು ಜಪಾನಿನ ಘಿಬ್ಲಿ ಸ್ಟುಡಿಯೊ ತರ ಇರಲಿ ಅನ್ನುತ್ತಾರೆ. ಇನ್ನೊಬ್ಬರಿಗೆ ಸ್ಪೈಡರ್‌ಮನ್‌ನ ಅನಿಮೇಷನ್ ಚಿತ್ರ ಸ್ಪೈಡರ್‌ವರ್ಸ್ ತರ ಚುಕ್ಕಿ, ಬಣ್ಣ, ವೇಗ ಬೇಕು. ಕಣ್ಣು ಎಷ್ಟು ದೊಡ್ಡದಿರಬೇಕು, ಗೆರೆ ಎಷ್ಟು ದಪ್ಪ ಇರಬೇಕು ಅನ್ನುವುದರಲ್ಲೇ ಸಂಜೆಗಳು ಮುಗಿಯುತ್ತಿವೆ.

ನನಗೆ ಬೇರೆಯೇ ಅನುಮಾನ. ಅಮೆರಿಕದ ಪಿಕ್ಸಾರ್ ಸ್ಟುಡಿಯೊದ ಚಿತ್ರವೊಂದನ್ನು ಬಣ್ಣ ಇಲ್ಲದೆ ಬರೀ ಪೆನ್ಸಿಲ್‌ನಲ್ಲಿ ಬರೆದರೂ ಅದು ಪಿಕ್ಸಾರ್ ಕಥೆ ಅಂತ ಗೊತ್ತಾಗುತ್ತದೆ ಅಲ್ವಾ? ಘಿಬ್ಲಿಯ ನಿರ್ದೇಶಕ ಮಿಯಝಾಕಿ ಅವರ ಚಿತ್ರದ ಕಥೆಯನ್ನು ಬಾಯಲ್ಲಿ ಹೇಳಿದರೂ ಅದರ ನಡಿಗೆಯೇ ಬೇರೆ. ಹಾಗಾದರೆ ಈ ಶೈಲಿ ಹುಟ್ಟುವುದು ಎಲ್ಲಿ? ಕಲಾವಿದರ ಕೈಯಲ್ಲೋ, ನಿರ್ದೇಶಕರ ತಲೆಯಲ್ಲೋ, ಅಥವಾ ಸ್ಟುಡಿಯೊ ಕೆಲಸ ಮಾಡುವ ರೀತಿಯಲ್ಲೋ? ಕೆಲಸ ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಬೋರ್ಡಿನವಳು:

ಸ್ಟೋರಿಬೋರ್ಡ್, ಅಂದರೆ ಕಥೆಯನ್ನು ಸಾಲು ಚಿತ್ರಗಳಲ್ಲಿ, ಬರೆಯುವುದೇ ನನ್ನ ಕೆಲಸ, ಹಾಗಾಗಿ ಆ ಕಡೆಯಿಂದಲೇ ನೋಡುತ್ತೇನೆ. ಶೈಲಿ ಯಾವುದು ಅಂತ ಕೇಳುವ ಮೊದಲು ಇದನ್ನು ಕೇಳಿಕೊಳ್ಳಿ: ಈ ಕಥೆ ಯಾವ ಹಂತದಲ್ಲಿ, ಯಾರೆದುರು ಗಟ್ಟಿಯಾಗುತ್ತದೆ? ನನ್ನ ಪ್ರಕಾರ ಮುಕ್ಕಾಲು ಉತ್ತರ ಅಲ್ಲೇ ಇದೆ.

1930ರ ದಶಕದ ಶುರುವಿನಲ್ಲಿ ಡಿಸ್ನಿ ಸ್ಟುಡಿಯೊದಲ್ಲಿ ಒಂದೊಂದು ಚಿತ್ರವನ್ನು ಒಂದೊಂದು ಹಾಳೆಯಲ್ಲಿ ಬರೆದು ಸಾಲಾಗಿ ಬೋರ್ಡಿಗೆ ಚುಚ್ಚುವ ಪದ್ಧತಿ ಬೆಳೆಯಿತು. ಕೇಳಲು ಸಣ್ಣ ವಿಷಯ. ಆದರೆ ಕಥೆ ಗೋಡೆಗೆ ಬಂದ ಕೂಡಲೇ ಅದು ಕೋಣೆಯಲ್ಲಿದ್ದ ಎಲ್ಲರದ್ದೂ ಆಯಿತು. ಒಂದು ಹಾಳೆ ಕಿತ್ತು ಬೇರೆ ಕಡೆ ಚುಚ್ಚಿದರೆ ಕಥೆಯೇ ಬದಲು. 1937ರ 'ಸ್ನೋ ವೈಟ್'ಗಾಗಿ ಕುಳ್ಳರು ಸೂಪ್ ಕುಡಿಯುವ ಒಂದು ದೃಶ್ಯವನ್ನು ಅನಿಮೇಟರ್ ವಾರ್ಡ್ ಕಿಂಬಲ್ ಪೆನ್ಸಿಲ್‌ನಲ್ಲಿ ಅನಿಮೇಟ್ ಮಾಡಿದ್ದರು. ನಗಿಸುವ ದೃಶ್ಯ, ಆದರೆ ಕಥೆಯ ಓಟಕ್ಕೆ ಅಡ್ಡ. ವಾಲ್ಟ್ ಡಿಸ್ನಿ ತೆಗೆದೇಬಿಟ್ಟರು. ತಿಂಗಳುಗಟ್ಟಲೆ ಮಾಡಿದ ಕೆಲಸ ಅದು.

ಪಿಕ್ಸಾರ್ ಇದೇ ದಾರಿಯಲ್ಲಿ ಇನ್ನೂ ಮುಂದೆ ಹೋಯಿತು. ಬೋರ್ಡ್ ಚಿತ್ರಗಳನ್ನು ಜೋಡಿಸಿ, ಸ್ಟುಡಿಯೊದವರದ್ದೇ ದನಿ ಹಾಕಿ, ಎಲ್ಲಿಂದಲೋ ಸಂಗೀತ ತಂದು ಸೇರಿಸಿ, ಇಡೀ ಚಿತ್ರದ ಕಚ್ಚಾ ರೂಪ ಮಾಡುತ್ತಾರೆ. ಅದಕ್ಕೆ ಸ್ಟೋರಿ ರೀಲ್ ಅನ್ನುತ್ತಾರೆ. ಕೆಲವು ತಿಂಗಳಿಗೊಮ್ಮೆ ಅದನ್ನು ಬೇರೆ ನಿರ್ದೇಶಕರ, ಬರಹಗಾರರ ಮುಂದೆ ಹಾಕುತ್ತಾರೆ. ಬ್ರೇನ್‌ಟ್ರಸ್ಟ್ ಅಂತ ಹೆಸರಾದ ಗುಂಪು ಇದೇ. ಎಲ್ಲಿ ಬೇಜಾರಾಯಿತು, ಎಲ್ಲಿ ನಂಬಿಕೆ ಬರಲಿಲ್ಲ ಅಂತ ಅವರು ನೇರವಾಗಿ ಹೇಳುತ್ತಾರೆ. ಹೀಗೇ ಮಾಡು ಅನ್ನುವ ಅಧಿಕಾರ ಮಾತ್ರ ಅವರಿಗಿಲ್ಲ. ತಿದ್ದುವ ದಾರಿ ಹುಡುಕುವುದು ನಿರ್ದೇಶಕರ ಹೊಣೆ.

'ಟಾಯ್ ಸ್ಟೋರಿ'ಯದ್ದೇ ನೋಡಿ. 1993ರ ನವೆಂಬರ್‌ನಲ್ಲಿ ಡಿಸ್ನಿಯವರಿಗೆ ತೋರಿಸಿದ ರೀಲಿನಲ್ಲಿ ಕಥೆಯ ನಾಯಕ, ಆಟದ ಗೊಂಬೆ ವುಡಿ, ಕೆಟ್ಟ ಮನಸ್ಸಿನವನು. ಹೊಸದಾಗಿ ಬಂದ ಗೊಂಬೆ ಬಜ್‌ನನ್ನು ಬೇಕಂತಲೇ ಕಿಟಕಿಯಿಂದ ಆಚೆ ತಳ್ಳುತ್ತಾನೆ. ನೋಡಿದವರಿಗೆ ಅವನ ಮೇಲೆ ಪ್ರೀತಿಯೇ ಹುಟ್ಟಲಿಲ್ಲ, ಚಿತ್ರದ ಕೆಲಸವೇ ನಿಂತಿತು. ಕೊನೆಗೆ 1995ರಲ್ಲಿ ಬಂದ ಚಿತ್ರದಲ್ಲೂ ಬಜ್ ಕಿಟಕಿಯಿಂದ ಬೀಳುತ್ತಾನೆ. ಆದರೆ ವುಡಿಗೆ ಬೇಕಾಗಿದ್ದುದು ಅವನನ್ನು ಮೇಜಿನ ಹಿಂದೆ ಬೀಳಿಸುವುದು ಅಷ್ಟೇ. ಒಂದಕ್ಕೊಂದು ತಗುಲಿ, ಟೇಬಲ್ ಲ್ಯಾಂಪ್ ತಿರುಗಿ, ಅವನು ಹೊರಗೆ ಹೋಗಿಬಿಡುತ್ತಾನೆ. ಘಟನೆ ಅದೇ. ಉದ್ದೇಶ ಒಂದು ಗೇಣು ಸರಿಯಿತು, ಇಡೀ ಚಿತ್ರ ಉಳಿಯಿತು. 'ಇನ್‌ಸೈಡ್ ಔಟ್'ನಲ್ಲೂ ಹಾಗೇ. ಅದರಲ್ಲಿ ಭಾವನೆಗಳೇ ಪಾತ್ರಗಳು. ಮೊದಲು ಸಂತೋಷದ ಜೊತೆ ಪ್ರಯಾಣ ಹೊರಡಬೇಕಾಗಿದ್ದುದು ಭಯ. ಅದು ದುಃಖ ಆಗಿದ್ದು ಎಷ್ಟೋ ಕೆಲಸ ಆದ ಮೇಲೆ.

ಹೀಗೆ ಹತ್ತಾರು ಜನರೆದುರು ಮತ್ತೆ ಮತ್ತೆ ಹಾಜರಾಗುವ ಕಥೆ ಹೇಗಿರುತ್ತದೆ? ಪ್ರತಿ ಘಟನೆಗೂ ಕಾರಣ ಇರುತ್ತದೆ. ಮೊದಲಲ್ಲಿ ಬಿತ್ತಿದ್ದು ಕೊನೆಯಲ್ಲಿ ಮೊಳೆಯುತ್ತದೆ. ಅಳು ಎಲ್ಲಿ ಬರಬೇಕೋ ಅಲ್ಲೇ ಬರುತ್ತದೆ. ಪಿಕ್ಸಾರ್ ಶೈಲಿ ಅಂತ ನಾವು ಗುರುತಿಸುವುದು ಇದನ್ನೇ. ಅದು ಆ ಕೋಣೆಯಲ್ಲಿ ಕೇಳಿದ ಪ್ರಶ್ನೆಗಳ ಫಲ.

ಮೌನಪ್ರಿಯ:

ಬೋರ್ಡಿನವಳು ಹೇಳಿದ್ದರ ಎದುರು ದಿಕ್ಕಿನಲ್ಲಿ ಮಿಯಝಾಕಿ ನಿಂತಿದ್ದಾರೆ.

ಅವರು ಸ್ಟೋರಿಬೋರ್ಡನ್ನು ತಾವೇ ಬರೆಯುತ್ತಾರೆ. ಅದು ಮುಗಿಯುವ ಮೊದಲೇ ಅನಿಮೇಷನ್ ಶುರುವಾಗಿರುತ್ತದೆ. ಅಂದರೆ ಮೊದಲ ಭಾಗದ ದೃಶ್ಯಗಳನ್ನು ಕಲಾವಿದರು ಬರೆಯುತ್ತಿರುವಾಗ ಚಿತ್ರ ಹೇಗೆ ಮುಗಿಯುತ್ತದೆ ಅನ್ನುವುದು ನಿರ್ದೇಶಕರಿಗೇ ಪೂರ್ತಿ ಗೊತ್ತಿರುವುದಿಲ್ಲ. ಅವರ 'ಸ್ಪಿರಿಟೆಡ್ ಅವೇ'ಯ ಮುಖವಾಡದ ಆ ಮೂಕ ಆಕೃತಿ, ನೋ-ಫೇಸ್, ಮೊದಲು ಸೇತುವೆ ಮೇಲೆ ಸುಮ್ನೆ ನಿಂತಿರುವ ಪಾತ್ರ ಅಷ್ಟೇ ಆಗಿತ್ತು. ಚಿತ್ರ ಬೆಳೆಯುತ್ತಾ ಬೆಳೆಯುತ್ತಾ ಅದು ಕಥೆಯ ಮಧ್ಯಕ್ಕೆ ಬಂತು.

ಇದು ಸಮಿತಿಯ ಮುಂದೆ ನಿಲ್ಲುವ ಕಥೆಯಲ್ಲ. ಯಾರೂ ಎದ್ದು ನಿಂತು, "ಈ ರೈಲಿನ ದೃಶ್ಯ ಯಾಕೆ ಬೇಕು?" ಅಂತ ಕೇಳಲಿಲ್ಲ. ಕೇಳಿದ್ದರೆ ಬಹುಶಃ ಅದು ಉಳಿಯುತ್ತಲೂ ಇರಲಿಲ್ಲ. ನೆನಪಿದೆಯಾ ಆ ದೃಶ್ಯ? ನೀರಿನ ಮೇಲೆ ರೈಲು. ಕಥೆಯ ಹುಡುಗಿ ಚಿಹಿರೊ ಕಾಲು ಜೋಡಿಸಿ ನೆಟ್ಟಗೆ ಕೂತಿದ್ದಾಳೆ, ಪಕ್ಕದಲ್ಲಿ ನೋ-ಫೇಸ್. ನೆರಳಿನಂತಿರುವ ಪ್ರಯಾಣಿಕರು ಒಂದು ನಿಲ್ದಾಣದಲ್ಲಿ ಇಳಿದು ಹೋಗುತ್ತಾರೆ. ಹೊರಗೆ ಕತ್ತಲಾಗುತ್ತದೆ. ಯಾರೂ ಯಾರಿಗೂ ಏನೂ ವಿವರಿಸುವುದಿಲ್ಲ. ಚಿಹಿರೊ ದೊಡ್ಡವಳಾಗಿದ್ದಾಳೆ ಅಂತ ನಮಗೆ ತಿಳಿಯುವುದು ಅವಳು ಕೂತ ಭಂಗಿಯಿಂದ.

2002ರಲ್ಲಿ ವಿಮರ್ಶಕ ರೋಜರ್ ಎಬರ್ಟ್ ಈ ಬಿಡುವುಗಳ ಬಗ್ಗೆ ಕೇಳಿದಾಗ ಮಿಯಝಾಕಿ ಚಪ್ಪಾಳೆ ತಟ್ಟಿ ತೋರಿಸಿದರು. ಎರಡು ಚಪ್ಪಾಳೆಗಳ ನಡುವಿನ ಸಮಯವೇ ಮುಖ್ಯ, ಬರೀ ಘಟನೆಗಳೇ ತುಂಬಿದರೆ ಅದು ಗಡಿಬಿಡಿ ಅಷ್ಟೇ ಅನ್ನುವ ಅರ್ಥದ ಮಾತು ಹೇಳಿದರು.

ಇನ್ನೊಂದು ಸಣ್ಣ ವಿಷಯ. ಅದೇ ಚಿತ್ರದಲ್ಲಿ ಚಿಹಿರೊ ಶೂ ಹಾಕಿಕೊಂಡ ಮೇಲೆ ಕಾಲಿನ ತುದಿಯನ್ನು ನೆಲಕ್ಕೆ ತಟ್ಟುತ್ತಾಳೆ. ಅವಳು ಅವಸರದಲ್ಲಿದ್ದಾಳೆ, ಹೆದರಿದ್ದಾಳೆ, ಆದರೂ ತಟ್ಟುತ್ತಾಳೆ. ಕಥೆ ಮುಂದೆ ಹೋಗಲು ಅದು ಬೇಕಿಲ್ಲ. ಆದರೆ ಆ ಒಂದು ಕ್ಷಣದಲ್ಲಿ ಅವಳು ನಿಜವಾದ ಹುಡುಗಿ ಆಗುತ್ತಾಳೆ. ಪೆನ್ಸಿಲ್‌ಗೆರೆ ಅವರೇ, ನಿಮ್ಮ ಗೆಳೆಯರು "ಘಿಬ್ಲಿ ತರ" ಅಂದರೆ ಹಸಿರು ಹುಲ್ಲು, ಬಿಳಿ ಮೋಡ ಅಂದುಕೊಂಡಿದ್ದರೆ ಅವರಿಗೆ ಈ ಶೂ ತಟ್ಟುವುದನ್ನು ತೋರಿಸಿ.

ಕಡಿಮೆಫ್ರೇಮ್:

ಇಬ್ಬರೂ ದೊಡ್ಡ ಸ್ಟುಡಿಯೊಗಳ ಬಗ್ಗೆಯೇ ಹೇಳಿದಿರಿ. ದುಡ್ಡಿನ ಮಾತು ಯಾರೂ ಎತ್ತಲಿಲ್ಲ.

ಸಿನಿಮಾ ಸೆಕೆಂಡಿಗೆ 24 ಫ್ರೇಮ್, ಅಂದರೆ ಪರದೆಗೆ ಬರುವ 24 ನಿಂತ ಚಿತ್ರ. ಬರೆದ ಒಂದು ಚಿತ್ರವನ್ನು ಎರಡು ಫ್ರೇಮ್ ಹಾಗೇ ಹಿಡಿದರೆ 12 ಚಿತ್ರ ಸಾಕು, ಮೂರು ಫ್ರೇಮ್ ಹಿಡಿದರೆ 8. ಟೀವಿಗೆ ವಾರ ವಾರ ಕಂತು ಕೊಡಬೇಕಾದಾಗ ಈ ಲೆಕ್ಕವೇ ಕಥೆಯನ್ನು ಬರೆಯುತ್ತದೆ. ಅಮೆರಿಕದ ಟೀವಿ ಕಾರ್ಟೂನ್ ಸ್ಟುಡಿಯೊ ಹ್ಯಾನಾ-ಬಾರ್ಬೆರಾದ ಪಾತ್ರಗಳ ಕತ್ತು ನೋಡಿ. ಯೋಗಿ ಕರಡಿಗೆ ಕಾಲರ್, ಟೈ ಯಾಕೆ? ಆ ಕಾಲರ್ ಗೆರೆಯ ಹತ್ತಿರ ತಲೆಯನ್ನೂ ಮೈಯನ್ನೂ ಬೇರೆ ಮಾಡಬಹುದು. ಮೈ ಹಾಗೇ ನಿಲ್ಲಿಸಿ ತಲೆ ಮಾತ್ರ ಹೊಸದಾಗಿ ಬರೆದರೆ ಆಯಿತು. ಮೈ ಅಲ್ಲಾಡದ ಪಾತ್ರ ಏನು ಮಾಡಬೇಕು? ಮಾತಾಡಬೇಕು. ಅದಕ್ಕೇ ಆ ಸರಣಿಗಳಲ್ಲಿ ಮಾತೇ ಜಾಸ್ತಿ, ಹಾಸ್ಯವೆಲ್ಲ ದನಿಯಲ್ಲಿ.

ಜಪಾನಿನಲ್ಲಿ ಒಸಾಮು ತೆಜುಕಾ 1963ರ ಜನವರಿ 1ರಂದು 'ಆಸ್ಟ್ರೋ ಬಾಯ್' ಟೀವಿ ಸರಣಿ ಶುರು ಮಾಡಿದಾಗಲೂ ಇದೇ ಕಷ್ಟ. ಬಿಡಿಸಿದ ದೃಶ್ಯಗಳನ್ನು ಎತ್ತಿಟ್ಟು ಮತ್ತೆ ಬಳಸಿದರು. ಮುಖ ನಿಂತಿರುತ್ತದೆ, ಬಾಯಿ ಮಾತ್ರ ಆಡುತ್ತದೆ. ನಿಂತ ಚಿತ್ರದ ಮೇಲೆ ಕ್ಯಾಮೆರಾ ಸರಿಯುತ್ತದೆ. ಇದೆಲ್ಲ ಉಳಿತಾಯಕ್ಕೆ ಹುಟ್ಟಿದ್ದು. ಆದರೆ ಮುಂದಿನ ತಲೆಮಾರಿನವರು ಅದೇ ನಿಂತ ಚಿತ್ರವನ್ನು ಭಾವ ಹಿಡಿದು ನಿಲ್ಲಿಸುವುದಕ್ಕೆ ಬಳಸಿದರು. ಹೋರಾಟದ ಮಧ್ಯೆ ಎಲ್ಲ ಸ್ತಬ್ಧವಾಗಿ, ಪಾತ್ರದ ಮನಸ್ಸಿನ ಮಾತು ಮಾತ್ರ ಕೇಳುತ್ತದಲ್ಲ, ಅದರ ಬೇರು ಇಲ್ಲಿದೆ.

ಜಪಾನಿನದೇ ನಿರ್ದೇಶಕ ಮಕೊಟೊ ಶಿಂಕಾಯ್ 2002ರಲ್ಲಿ 'ವಾಯ್ಸಸ್ ಆಫ್ ಎ ಡಿಸ್ಟೆಂಟ್ ಸ್ಟಾರ್' ಮಾಡಿದ್ದು ಹೆಚ್ಚುಕಮ್ಮಿ ಒಬ್ಬರೇ, ಮನೆಯ ಕಂಪ್ಯೂಟರ್‌ನಲ್ಲಿ. ಒಬ್ಬರೇ ಕೂತು ಎಷ್ಟು ಜನರನ್ನು ನಡೆಸಲು, ಓಡಿಸಲು ಆಗುತ್ತದೆ? ಆದ್ದರಿಂದ ಆಕಾಶ, ಖಾಲಿ ತರಗತಿ, ಮೊಬೈಲ್ ಪರದೆ. ಮೇಲೆ ಒಂಟಿ ದನಿ. ಕಥೆಯೂ ಅದಕ್ಕೆ ತಕ್ಕದ್ದೇ: ಒಬ್ಬರಿಂದೊಬ್ಬರು ದೂರವಾಗುತ್ತಾ ಹೋಗುವ ಇಬ್ಬರು, ಅವರ ನಡುವೆ ತಡವಾಗಿ ತಲುಪುವ ಸಂದೇಶಗಳು. ಆಮೇಲೆ ದೊಡ್ಡ ತಂಡ, ದುಡ್ಡು ಎಲ್ಲ ಬಂತು. 2016ರ 'ಯುವರ್ ನೇಮ್'ನಲ್ಲೂ ಆ ಆಕಾಶ, ಆ ದೂರ ಹಾಗೇ ಇವೆ. ಕೊರತೆಯಿಂದ ಕಲಿತದ್ದು ಕೊರತೆ ಹೋದ ಮೇಲೂ ಉಳಿಯಿತು.

ಸಿನಿಓದುಗ:

ಇಲ್ಲಿ ಎಲ್ಲರೂ ಕೆಲಸದ ಕ್ರಮ, ಬಜೆಟ್ ಅಂತಲೇ ಹೇಳುತ್ತಿದ್ದೀರಿ. ನನಗೆ ಒಪ್ಪಿಗೆ ಇಲ್ಲ. ಕೆಲಸದ ಕ್ರಮವೇ ಶೈಲಿ ಕೊಡುವುದಾದರೆ ಒಂದೇ ಸ್ಟುಡಿಯೊದಿಂದ ಮಿಯಝಾಕಿ ಮತ್ತು ಇನ್ನೊಬ್ಬ ನಿರ್ದೇಶಕ ಇಸಾವೊ ತಕಾಹತ ಇಬ್ಬರೂ ಬಂದದ್ದು ಹೇಗೆ? 1985ರಲ್ಲಿ ಘಿಬ್ಲಿ ಕಟ್ಟಿದ್ದು ಇವರು ಮತ್ತು ನಿರ್ಮಾಪಕ ತೊಶಿಯೊ ಸುಝುಕಿ. 1988ರಲ್ಲಿ 'ಮೈ ನೇಬರ್ ಟೊಟೊರೊ' ಮತ್ತು 'ಗ್ರೇವ್ ಆಫ್ ದ ಫೈರ್‌ಫ್ಲೈಸ್' ಒಂದೇ ದಿನ, ಒಂದೇ ಟಿಕೆಟಿನಲ್ಲಿ ಜೋಡಿ ಚಿತ್ರವಾಗಿ ಬಂದವು. ಮಿಯಝಾಕಿಯ ಮೊದಲನೆಯದರಲ್ಲಿ ಕಾಡಿನ ದೈವ ಮಕ್ಕಳ ಕೈ ಹಿಡಿಯುತ್ತದೆ. ತಕಾಹತ ಅವರ ಇನ್ನೊಂದರಲ್ಲಿ ಯುದ್ಧದ ನಡುವೆ ಅಣ್ಣ ತಂಗಿಯ ಕೈ ಹಿಡಿಯಲು ಯಾರೂ ಇಲ್ಲ.

ತಕಾಹತ ಅವರ 'ಪ್ರಿನ್ಸೆಸ್ ಕಗುಯ' ನೋಡಿದವರಿಗೆ ಆ ಓಟದ ದೃಶ್ಯ ಮರೆಯುವುದು ಸಾಧ್ಯವೇ ಇಲ್ಲ. ಅರಮನೆಯ ಔತಣದಲ್ಲಿ ತನ್ನ ಬಗ್ಗೆ ಆಡಿದ ಮಾತು ಕಿವಿಗೆ ಬಿದ್ದು ಕಗುಯ ಎದ್ದು ಓಡುತ್ತಾಳೆ. ಬಾಗಿಲುಗಳು ಮುರಿಯುತ್ತವೆ. ಮೈಮೇಲಿನ ರೇಷ್ಮೆ ಒಂದೊಂದೇ ಕಳಚಿ ಹಿಂದೆ ಬೀಳುತ್ತದೆ. ಅಲ್ಲಿಯವರೆಗೆ ಮೆತ್ತಗಿದ್ದ ಜಲವರ್ಣದ ಚಿತ್ರ ಒಮ್ಮೆಗೇ ಇದ್ದಿಲಿನಲ್ಲಿ ಗೀಚಿದ ಹಾಗೆ ಆಗುತ್ತದೆ. ಮುಖವೇ ಬರೀ ಗೀಚು. ಅವಳ ಸಿಟ್ಟು ಗೆರೆಯನ್ನೇ ಹರಿದುಹಾಕುತ್ತದೆ. 2013ರಲ್ಲಿ ಆ ಚಿತ್ರ ಬಂದಾಗ ತಕಾಹತ ಅವರಿಗೆ ಎಪ್ಪತ್ತು ದಾಟಿತ್ತು. ಈ ದೃಶ್ಯ ಯಾವ ಬಜೆಟ್ಟಿನಿಂದ ಬಂತು, ಯಾವ ವೇಳಾಪಟ್ಟಿಯಿಂದ ಬಂತು ಹೇಳಿ? ಒಬ್ಬ ಮನುಷ್ಯ ಲೋಕವನ್ನು ನೋಡುವ ರೀತಿ ಅದು. ಅದನ್ನು ಪದ್ಧತಿ ಅಂತ ಕರೆದರೆ ಮನಸ್ಸಿಗೆ ಬೇಸರವಾಗುತ್ತದೆ.

ಬೋರ್ಡಿನವಳು:

ಸಿನಿಓದುಗ ಸರ್, ಆ ದೃಶ್ಯದ ಬಗ್ಗೆ ನೀವು ಬರೆದದ್ದು ಓದಿ ಖುಷಿಯಾಯಿತು. ಆದರೆ ತಕಾಹತ ಅವರ ಉದಾಹರಣೆ ನನ್ನ ಮಾತಿಗೇ ಬಲ ಕೊಡುತ್ತದೆ ಅನಿಸುತ್ತದೆ.

ತಕಾಹತ ಅನಿಮೇಟರ್ ಅಲ್ಲ. ಮಿಯಝಾಕಿ ತರ ಕೂತು ತಾವೇ ಬರೆದು ತಿದ್ದುವವರಲ್ಲ. ಹಾಗಾಗಿ ಪ್ರತಿ ಚಿತ್ರಕ್ಕೂ ಅವರು ಬೇರೆಯವರ ಕೈಯನ್ನು ಹುಡುಕಬೇಕಿತ್ತು. ಹುಡುಕಿದ ಕೈಗೆ ತಕ್ಕಂತೆ ಚಿತ್ರದ ರೂಪವೂ ಬದಲಾಯಿತು. ತಮ್ಮದೇ ಗೆರೆ ಅಂತ ಇಲ್ಲದ್ದರಿಂದ ಯಾವುದಕ್ಕೂ ಅಂಟಿಕೊಳ್ಳಲಿಲ್ಲ. ಸಾಮಾನ್ಯವಾಗಿ ಕಲಾವಿದರ ಮೊದಲ ಸ್ಕೆಚ್ಚಿನಲ್ಲಿ ಜೀವ ಇರುತ್ತದೆ, ಅದನ್ನು ನೀಟಾಗಿ ಟ್ರೇಸ್ ಮಾಡುವಾಗ ಅರ್ಧ ಹೋಗುತ್ತದೆ. 'ಕಗುಯ'ದಲ್ಲಿ ಆ ಸ್ಕೆಚ್ಚಿನ ಗೆರೆಯನ್ನೇ ಪರದೆಯವರೆಗೆ ಉಳಿಸಿದರು. ಅದಕ್ಕೆ ಮಾಮೂಲಿ ವ್ಯವಸ್ಥೆ ಒಗ್ಗುವುದಿಲ್ಲ, ಚಿತ್ರ ಮುಗಿಯಲು ವರ್ಷಗಳೇ ಹಿಡಿದವು. ನೋಟ ಅವರದ್ದೇ, ಒಪ್ಪುತ್ತೇನೆ. ಆ ನೋಟ ಪರದೆಗೆ ಬಂದದ್ದು ಕೆಲಸದ ಕ್ರಮವನ್ನು ಅದಕ್ಕೆ ತಕ್ಕಂತೆ ಮುರಿದು ಕಟ್ಟಿದ್ದರಿಂದ.

ಗೊಂಬೆಕೈ:

ಸ್ಟಾಪ್ ಮೋಷನ್, ಅಂದರೆ ಗೊಂಬೆಗಳನ್ನು ಫ್ರೇಮ್ ಫ್ರೇಮಿಗೂ ಸ್ವಲ್ಪ ಸ್ವಲ್ಪ ಸರಿಸಿ ಅನಿಮೇಷನ್ ಮಾಡುವವರ ಪರವಾಗಿ ನಾನು. ನಮ್ಮಲ್ಲಿ ಸಾಮಗ್ರಿಯೇ ನಿರ್ದೇಶಕರ ಜೊತೆ ವಾದ ಮಾಡುತ್ತದೆ.

ಆರ್ಡ್‌ಮನ್ ಸ್ಟುಡಿಯೊದ 'ವಾಲೆಸ್ ಮತ್ತು ಗ್ರೊಮಿಟ್' ಚಿತ್ರಗಳ ಗ್ರೊಮಿಟ್ ನಾಯಿ ಎಲ್ಲರಿಗೂ ಗೊತ್ತು. ಅವನಿಗೆ ಬಾಯಿಯೇ ಇಲ್ಲ. ನಿರ್ದೇಶಕ ನಿಕ್ ಪಾರ್ಕ್ ಮೊದಲು ಅವನಿಗೆ ಬಾಯಿ, ದನಿ ಎರಡೂ ಕೊಡಬೇಕು ಅಂದುಕೊಂಡಿದ್ದರು. ಮಣ್ಣಿನ ಗೊಂಬೆಯ ಬಾಯಿಯನ್ನು ಫ್ರೇಮ್ ಫ್ರೇಮಿಗೂ ಬದಲಾಯಿಸುತ್ತಾ ಕೂರುವುದು ಎಂಥ ಕಷ್ಟ ಅಂತ ಮಾಡಿದವರಿಗೇ ಗೊತ್ತು. ಕೆಲಸಕ್ಕೆ ಕೂತಾಗ ಅವರಿಗೆ ಕಂಡದ್ದು ಇಷ್ಟು: ಹುಬ್ಬನ್ನು ಕೂದಲೆಳೆಯಷ್ಟು ಒತ್ತಿದರೆ ಸಾಕು, ನಾಯಿ ಏನು ಯೋಚಿಸುತ್ತಿದೆ ಅಂತ ತಿಳಿಯುತ್ತದೆ. ಅಲ್ಲಿಂದ ಆ ಜೋಡಿಯ ಇಡೀ ಸ್ವಭಾವ ಹುಟ್ಟಿತು. ಯಜಮಾನ ವಾಲೆಸ್ ಮಾತಾಡುತ್ತಲೇ ಇರುತ್ತಾನೆ. ಗ್ರೊಮಿಟ್ ಸುಮ್ನೆ ನೋಡುತ್ತಾನೆ, ನಾವು ಗ್ರೊಮಿಟ್ ಪಕ್ಷ ವಹಿಸುತ್ತೇವೆ.

ಅದೇ ನಿಕ್ ಪಾರ್ಕ್ 1989ರಲ್ಲಿ 'ಕ್ರೀಚರ್ ಕಂಫರ್ಟ್ಸ್' ಮಾಡಿದರು. ಅದರಲ್ಲಿ ಮಾಮೂಲಿ ಜನರ ಸಂದರ್ಶನ ರೆಕಾರ್ಡ್ ಮಾಡಿ, ಆ ದನಿಗಳನ್ನು ಮೃಗಾಲಯದ ಪ್ರಾಣಿಗಳ ಬಾಯಿಗೆ ಹಾಕಿದರು. ಜನ ಮಾತಾಡುವಾಗ ತಡವರಿಸುತ್ತಾರೆ, ವಾಕ್ಯ ಅರ್ಧಕ್ಕೆ ಬಿಡುತ್ತಾರೆ. ಚಿತ್ರಕಥೆ ಬರೆಯುವವರು ಅದನ್ನೆಲ್ಲ ಬರೆಯುವುದೇ ಇಲ್ಲ. ಇಲ್ಲಿ ಆ ತಡವರಿಕೆಗೆ ತಕ್ಕ ಹಾಗೆ ಗೊಂಬೆಗಳ ಕಣ್ಣು, ಕೈ ಆಡುತ್ತವೆ. ಆ ಚಿತ್ರಕ್ಕೆ ಆಸ್ಕರ್ ಬಂತು.

ಇನ್ನೊಂದು ಹೇಳದೆ ಇರಲಾರೆ. ರಷ್ಯಾದ ಯೂರಿ ನಾರ್‌ಸ್ಟೈನ್ ಅವರ 1975ರ 'ಹೆಜ್‌ಹಾಗ್ ಇನ್ ದ ಫಾಗ್' ಹತ್ತು ನಿಮಿಷದ ಚಿತ್ರ. ಅದರ ಮಂಜು ತೆಳುವಾದ ಕಾಗದ. ಚಿತ್ರದ ಮೇಲೆ ಆ ಹಾಳೆ ಇಟ್ಟು, ಫ್ರೇಮಿಗೆ ಸ್ವಲ್ಪ ಸ್ವಲ್ಪವೇ ಕ್ಯಾಮೆರಾ ಕಡೆಗೆ ಎತ್ತುತ್ತಾ ಹೋದಂತೆ ಹಿಂದಿನದೆಲ್ಲ ಮಸುಕಾಗುತ್ತದೆ. ಕಥೆಯಲ್ಲಿ ನಡೆಯುವುದೂ ಅಷ್ಟೇ: ಮುಳ್ಳುಹಂದಿ ಮಂಜಿನೊಳಗೆ ಹೋಗುತ್ತದೆ, ಏನೋ ಕಾಣುತ್ತದೆ, ಮರೆಯಾಗುತ್ತದೆ. ಆ ಕಾಗದ ಇಲ್ಲದಿದ್ದರೆ ಕಥೆಯೂ ಇಲ್ಲ.

ಪೆನ್ಸಿಲ್‌ಗೆರೆ:

ಎಲ್ಲರಿಗೂ ಧನ್ಯವಾದ. ಗೆಳೆಯರಿಗೆಲ್ಲ ಓದಿಸಿದೆ. ಈಗ ಇನ್ನೊಂದು ಪ್ರಶ್ನೆ. ಸ್ಪೈಡರ್‌ವರ್ಸ್ ಬೇಕು ಅನ್ನುವ ಗೆಳತಿ, "ಅದು ಬರೀ ನೋಟದ ಚಿತ್ರ, ಅದರ ನೋಟವೇ ಶೈಲಿ" ಅನ್ನುತ್ತಾಳೆ. ಇದಕ್ಕೆ ಏನು ಹೇಳಲಿ?

ಕಡಿಮೆಫ್ರೇಮ್:

ಅವರಿಗೆ ಕಾಡಿನಲ್ಲಿ ಹಾರುವ ದೃಶ್ಯವನ್ನು ನಿಧಾನವಾಗಿ, ಒಂದೊಂದೇ ಫ್ರೇಮ್ ಒತ್ತಿ ನೋಡಲು ಹೇಳಿ. 2018ರ ಮೊದಲ ಚಿತ್ರದ್ದು. ಹಳೆಯ ಸ್ಪೈಡರ್‌ಮನ್ ಪೀಟರ್ ಪ್ರತಿ ಫ್ರೇಮಿಗೂ ಸರಿಯುತ್ತಾನೆ, ಅಂದರೆ ಸೆಕೆಂಡಿಗೆ 24 ಭಂಗಿ. ಹೊಸ ಹುಡುಗ ಮೈಲ್ಸ್ ಎರಡು ಫ್ರೇಮಿಗೊಮ್ಮೆ, ಅಂದರೆ 12. ಇಬ್ಬರೂ ಒಂದೇ ಶಾಟ್‌ನಲ್ಲಿದ್ದಾರೆ. ಮೈಲ್ಸ್‌ಗೆ ಹಾರುವುದು ಇನ್ನೂ ಬರುವುದಿಲ್ಲ, ತಡಬಡಾಯಿಸುತ್ತಿದ್ದಾನೆ. ಪೀಟರ್ ಪಳಗಿದವನು. ನೋಡುವವರಿಗೆ ಲೆಕ್ಕ ಗೊತ್ತಾಗುವುದಿಲ್ಲ, ಆದರೆ ಒಬ್ಬ ನುಣುಪು, ಒಬ್ಬ ಎಡವುತ್ತಾನೆ ಅಂತ ಕಣ್ಣಿಗೆ ಹೊಡೆಯುತ್ತದೆ. ಮೈಲ್ಸ್ ಕಲಿತಂತೆ ಅವನ ಚಲನೆಯೂ ನುಣುಪಾಗುತ್ತದೆ. ಫ್ರೇಮ್ ಎಣಿಕೆಯೇ ಅಲ್ಲಿ ಪಾತ್ರದ ಬೆಳವಣಿಗೆ. ಅದನ್ನು ಬರೀ ನೋಟ ಅನ್ನಲು ಆಗುತ್ತಾ?

ಗೆರೆಯಲ್ಲೇ ಕಥೆ ಹೇಳುವುದಕ್ಕೆ ಇನ್ನೂ ಒಳ್ಳೆಯ ಉದಾಹರಣೆ ಐರ್ಲೆಂಡಿನ ಕಾರ್ಟೂನ್ ಸಲೂನ್. 1999ರಲ್ಲಿ ಕಿಲ್‌ಕೆನ್ನಿ ಊರಿನಲ್ಲಿ ಶುರುವಾದ ಸ್ಟುಡಿಯೊ. 2020ರ 'ವುಲ್ಫ್‌ವಾಕರ್ಸ್'ನಲ್ಲಿ ಅದೇ ಊರಿನ 1650ರ ಕಥೆ ಇದೆ. ಕೋಟೆಯೊಳಗಿನ ಪೇಟೆಯನ್ನು ಹಳೆಯ ಮರದಚ್ಚಿನ ಚಿತ್ರಗಳ ತರ ಬರೆದಿದ್ದಾರೆ. ನೆಟ್ಟಗಿನ ಗೆರೆ, ಚೂಪು ಮೂಲೆ, ಆಳವೇ ಇಲ್ಲದ ಚಪ್ಪಟೆ ನೋಟ. ಮನೆಗಳೇ ಪಂಜರದ ಸರಳಿನಂತೆ ಕಾಣುತ್ತವೆ. ಕಾಡಿಗೆ ಕಾಲಿಟ್ಟರೆ ಗೆರೆ ಸಡಿಲ, ಮೊದಲು ಗೀಚಿದ ಪೆನ್ಸಿಲ್ ಗುರುತನ್ನೂ ಅಳಿಸಿಲ್ಲ. ಪೇಟೆಯ ಹುಡುಗಿ ರಾಬಿನ್ ಕಾಡಿನವಳಾಗುತ್ತಾ ಬಂದಂತೆ ಅವಳನ್ನು ಬರೆದ ಗೆರೆಯೂ ಸಡಿಲವಾಗುತ್ತದೆ.

ಹಾಗಾಗಿ ನೋಟ ಮುಖ್ಯ ಅಲ್ಲ ಅಂತ ನಾನು ಹೇಳುತ್ತಿಲ್ಲ. ಕಥೆಯ ಯಾವ ಬದಲಾವಣೆಯನ್ನು ನೋಟ ಹೊರಬೇಕು ಅಂತ ಮೊದಲು ತೀರ್ಮಾನ ಆಗಲಿ. ಆಮೇಲೆ ಚುಕ್ಕಿ ಬೇಕಾ, ಇದ್ದಿಲು ಬೇಕಾ ಅಂತ ಜಗಳ ಆಡಿ.

ಕತ್ತರಿ:

ನಾನು ಎಡಿಟರ್. ನಟರ ಸಿನಿಮಾ, ಅನಿಮೇಷನ್ ಎರಡರಲ್ಲೂ ಕೆಲಸ ಮಾಡುತ್ತೇನೆ. ಇಲ್ಲಿ ಬಿಟ್ಟುಹೋಗಿರುವ ಒಂದು ಮಾತು ಹೇಳಬೇಕು.

ನಟರ ಸಿನಿಮಾದಲ್ಲಿ ಒಂದೇ ದೃಶ್ಯವನ್ನು ನಾಲ್ಕಾರು ಕೋನದಿಂದ ತೆಗೆದಿರುತ್ತಾರೆ. ಕಥೆಯ ಉಸಿರು ಎಡಿಟಿಂಗ್ ಟೇಬಲ್ ಮೇಲೆ ಸಿಗುತ್ತದೆ. ಅನಿಮೇಷನ್‌ನಲ್ಲಿ ಹಾಗೆ ಜಾಸ್ತಿ ತೆಗೆದಿಡುವ ಐಷಾರಾಮ ಇಲ್ಲ. ಒಂದು ಸೆಕೆಂಡಿಗೇ ದಿನಗಳು ಹಿಡಿಯುತ್ತವೆ. ಆದ್ದರಿಂದ ಎಡಿಟಿಂಗ್ ಮೊದಲು, ಚಿತ್ರೀಕರಣ ಆಮೇಲೆ. ಬೋರ್ಡ್ ಚಿತ್ರಗಳನ್ನು ಸಮಯಕ್ಕೆ ಜೋಡಿಸಿದ ಅನಿಮ್ಯಾಟಿಕ್‌ನಲ್ಲೇ ಎಲ್ಲ ಕತ್ತರಿಸಿ ಮುಗಿದಿರುತ್ತದೆ.

ಇದನ್ನು ಬಲವಾಗಿ ಮಾಡಿಕೊಂಡವರು ಜಪಾನಿನ ನಿರ್ದೇಶಕ ಸತೋಶಿ ಕೋನ್. ಅವರ ಬೋರ್ಡ್‌ಗಳು ತುಂಬಾ ವಿವರವಾಗಿರುತ್ತಿದ್ದವು. ಪ್ರತಿ ಕಟ್ ಎಲ್ಲಿ ಬೀಳುತ್ತದೆ ಅಂತ ಮೊದಲೇ ಗೊತ್ತಿದ್ದರೆ ಏನೆಲ್ಲ ಸಾಧ್ಯ ಅನ್ನುವುದಕ್ಕೆ 2001ರ 'ಮಿಲೇನಿಯಂ ಆಕ್ಟ್ರೆಸ್' ನೋಡಿ. ಮುದುಕಿಯಾದ ನಟಿ ತನ್ನ ಕಥೆ ಹೇಳುತ್ತಾಳೆ. ಅವಳು ಓಡುತ್ತಿರುತ್ತಾಳೆ. ಒಂದು ಹೆಜ್ಜೆ ಒಂದು ಕಾಲದಲ್ಲಿ, ಮುಂದಿನ ಹೆಜ್ಜೆ ಇನ್ನೊಂದು ಕಾಲದಲ್ಲಿ. ಉಡುಪು, ದಾರಿ, ಹವಾಮಾನ ಎಲ್ಲ ಬದಲಾದರೂ ಓಟ ಮಾತ್ರ ಒಂದೇ. ನೆನಪು ಯಾವುದು, ಅವಳು ನಟಿಸಿದ ಸಿನಿಮಾ ಯಾವುದು ಅಂತ ಬೇರೆ ಮಾಡಲು ಆಗುವುದಿಲ್ಲ. ಸಂದರ್ಶನಕ್ಕೆ ಬಂದವನು ಮತ್ತು ಅವನ ಕ್ಯಾಮೆರಾಮನ್ ಕೂಡ ಅವಳ ನೆನಪಿನೊಳಗೇ ನುಗ್ಗಿ ನಿಂತಿರುತ್ತಾರೆ. ಇದನ್ನು ಮೊದಲೇ ಕತ್ತರಿಸಿ ನೋಡದೆ ಬರೆಯಲು ಸಾಧ್ಯವೇ ಇಲ್ಲ.

ಇದಕ್ಕೆ ಪೂರ್ತಿ ಉಲ್ಟಾ ಲಾಟ್ವಿಯಾ ದೇಶದ ನಿರ್ದೇಶಕ ಗಿಂಟ್ಸ್ ಜಿಲ್ಬಲೋಡಿಸ್. 2024ರ 'ಫ್ಲೋ'. ಪ್ರವಾಹದಲ್ಲಿ ಒಂದು ಬೆಕ್ಕು, ಒಂದು ದೋಣಿ, ಬೇರೆ ಬೇರೆ ಪ್ರಾಣಿಗಳು. ಒಂದೂ ಮಾತಿಲ್ಲ. ಬ್ಲೆಂಡರ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಮಾಡಿ 2025ರಲ್ಲಿ ಆಸ್ಕರ್ ಗೆದ್ದ ಚಿತ್ರ. ಅವರು ಸ್ಟೋರಿಬೋರ್ಡ್ ಬರೆಯಲೇ ಇಲ್ಲ. ಕಂಪ್ಯೂಟರ್ ಒಳಗೆ ಜಾಗವನ್ನು ಒರಟಾಗಿ ಕಟ್ಟಿ, ಅದರಲ್ಲಿ ಕ್ಯಾಮೆರಾ ಹಿಡಿದು ಓಡಾಡುತ್ತಾ ಶಾಟ್ ಹುಡುಕಿದರು. ಫಲಿತಾಂಶ ಪರದೆ ಮೇಲೆ ಕಾಣುತ್ತದೆ. ಉದ್ದುದ್ದ ಶಾಟ್, ಬೆಕ್ಕಿನ ಹಿಂದೆ ಹಿಂದೆಯೇ ಹೋಗುವ ಕ್ಯಾಮೆರಾ, ಮುಂದೇನು ಅಂತ ಕ್ಯಾಮೆರಾಗೂ ಗೊತ್ತಿಲ್ಲವೇನೋ ಅನ್ನುವ ಭಾವ. ಹಾಳೆಯ ಮೇಲೆ ಚೌಕ ಚೌಕವಾಗಿ ಬರೆದಿದ್ದರೆ ಅದು ಚೌಕ ಚೌಕವಾಗಿಯೇ ಕತ್ತರಿಸಿಕೊಂಡು ಬರುತ್ತಿತ್ತು.

ಈಗ ನಿಮ್ಮ ಚಿತ್ರಕ್ಕೆ ಬರುತ್ತೇನೆ. ಪೆನ್ಸಿಲ್‌ಗೆರೆ, ನಿಮ್ಮ ಮುದುಕನಿಗೆ ಕಿವಿ ಕೇಳಿಸದಂತೆ ಆಗುತ್ತಿದೆ ಅಂದಿರಿ. ಚಿತ್ರಕಥೆಯಲ್ಲಿ ಮಾತು ಎಷ್ಟಿದೆ?

ಪೆನ್ಸಿಲ್‌ಗೆರೆ:

ಜಾಸ್ತಿಯೇ ಇದೆ. ಹುಡುಗಿ ಪೂರ್ತಿ ಮಾತಾಡುತ್ತಾಳೆ. ಮುದುಕ ಉತ್ತರ ಕೊಡುತ್ತಾನೆ, ಬರಬರುತ್ತಾ ತಪ್ಪು ತಪ್ಪು ಉತ್ತರ ಕೊಡುತ್ತಾನೆ. ಅವನಿಗೆ ಕೇಳಿಸುತ್ತಿಲ್ಲ ಅಂತ ಜನರಿಗೆ ತಿಳಿಯಬೇಕಲ್ಲ.

ಕತ್ತರಿ:

ಹಾಗಾದರೆ ಮೊದಲ ಕೆಲಸ ಇದು. ಇಡೀ ಚಿತ್ರದ ಅನಿಮ್ಯಾಟಿಕ್ ಮಾಡಿ, ಮಾತು ಒಂದೂ ಹಾಕಬೇಡಿ. ಕಡ್ಡಿ ಗೊಂಬೆಗಳಾದರೂ ಪರವಾಗಿಲ್ಲ. ಕಥೆ ಗೊತ್ತಿಲ್ಲದ ಒಬ್ಬರನ್ನು ಕೂರಿಸಿ ತೋರಿಸಿ. ಅವರು ಎಲ್ಲಿ ದಾರಿ ತಪ್ಪುತ್ತಾರೋ ಅಲ್ಲಿ ಗುರುತು ಮಾಡಿ. ಅಲ್ಲಿಗೂ ತಕ್ಷಣ ಮಾತು ಹಾಕಬೇಡಿ, ಮೊದಲು ಒಂದು ಕೈಕೆಲಸ, ಒಂದು ನೋಟ ಹಾಕಿ ನೋಡಿ. ಅದೂ ಸಾಲದಿದ್ದರೆ ಮಾತ್ರ ಮಾತು.

ಇದು ಗ್ರೊಮಿಟ್‌ನಿಂದ ಕಲಿಯಬಹುದಾದದ್ದು. ನಿಮ್ಮ ಮುದುಕ ಗಡಿಯಾರ ರಿಪೇರಿ ಮಾಡುವವನು. ಗಡಿಯಾರ ನಡೆಯುತ್ತಿದೆಯಾ ಅಂತ ಅವನು ಹೇಗೆ ನೋಡುತ್ತಾನೆ? ಮೊದಲು ಕಿವಿಗೆ ಹಿಡಿಯುತ್ತಾನೆ. ಕಿವಿ ಹೋದ ಮೇಲೆ?

ಗೊಂಬೆಕೈ:

ಬೆರಳ ತುದಿಯಿಂದ. ಅಥವಾ ಗಲ್ಲಕ್ಕೆ ಒತ್ತಿ ಹಿಡಿಯುತ್ತಾನೆ. ದವಡೆ ಮೂಳೆಗೆ ಆ ಮಿಡಿತ ತಾಗುತ್ತದೆ. ಅಯ್ಯೋ, ಇದನ್ನು ನಾನೇ ಅನಿಮೇಟ್ ಮಾಡಬೇಕು ಅನಿಸುತ್ತಿದೆ!

ಮೌನಪ್ರಿಯ:

ದನಿಯ ಬಗ್ಗೆ ಒಂದು ಮಾತು. ಜಪಾನಿನಲ್ಲಿ ಸಾಮಾನ್ಯವಾಗಿ ಚಿತ್ರ ಬರೆದ ಮೇಲೆ ದನಿ ಕೊಡುತ್ತಾರೆ. ತಕಾಹತ 1991ರ 'ಓನ್ಲಿ ಯೆಸ್ಟರ್‌ಡೇ'ಯಲ್ಲಿ ದೊಡ್ಡವರ ಭಾಗಕ್ಕೆ ದನಿಯನ್ನು ಮೊದಲು ರೆಕಾರ್ಡ್ ಮಾಡಿ, ಕಲಾವಿದರ ಮುಖ ನೋಡಿ, ನಕ್ಕಾಗ ಕೆನ್ನೆಯ ಸ್ನಾಯು ಹೇಗೆ ಎದ್ದು ನಿಲ್ಲುತ್ತದೆ ಅನ್ನುವುದನ್ನೂ ಬರೆಸಿದರು. ನಿಮ್ಮಲ್ಲಿ ಹುಡುಗಿಯ ಮಾತು ಉಳಿಯುವುದಾದರೆ ಅದನ್ನು ಮೊದಲು ರೆಕಾರ್ಡ್ ಮಾಡಿ. ನಿಜವಾದ ಮಗುವಿನ ದನಿ, ತಡವರಿಕೆ ಸಮೇತ. ಮುದುಕನ ದೃಶ್ಯಗಳಿಗೆ ಮೌನವನ್ನು ಮೊದಲು ನಿರ್ಧಾರ ಮಾಡಿ. ಎಷ್ಟು ಹೊತ್ತು, ಎಲ್ಲಿಂದ ಎಲ್ಲಿಗೆ ಅಂತ. ಎರಡನ್ನೂ ಕಟ್ಟುವ ಕ್ರಮವೇ ಬೇರೆ ಬೇರೆ ಆದರೆ ಇಬ್ಬರ ಲೋಕವೂ ತಾನಾಗಿಯೇ ಬೇರೆ ಆಗುತ್ತದೆ.

ಸಿನಿಓದುಗ:

ಈಗ ನೀವೆಲ್ಲ ಸೇರಿ ಕಟ್ಟುತ್ತಿರುವುದು ನೋಡಿದರೆ ನನ್ನ ಮಾತೂ ಪೂರ್ತಿ ಬಿದ್ದಿಲ್ಲ ಅನಿಸುತ್ತದೆ. ಕೆಲಸದ ಕ್ರಮ ಯಾರು ಬೇಕಾದರೂ ಹೇಳಬಹುದು. ಮುದುಕ ಗಡಿಯಾರವನ್ನು ಗಲ್ಲಕ್ಕೆ ಒತ್ತಿಕೊಳ್ಳುತ್ತಾನೆ ಅಂತ ಹೊಳೆಯುವುದು ಮಾತ್ರ ಮನುಷ್ಯರನ್ನು ಹತ್ತಿರದಿಂದ ನೋಡಿದವರಿಗೆ.

ಪೆನ್ಸಿಲ್‌ಗೆರೆ:

ಸಿನಿಓದುಗ ಸರ್, ಎರಡೂ ಬೇಕು ನನಗೆ. ಗೆಳೆಯರ ಜೊತೆ ಈಗಷ್ಟೇ ಮಾತಾಡಿದೆ. ಪಾತ್ರಗಳ ಸ್ಕೆಚ್ಚನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು, ಕಡ್ಡಿ ಗೊಂಬೆಗಳಲ್ಲಿ ಮಾತಿಲ್ಲದ ಅನಿಮ್ಯಾಟಿಕ್ ಮಾಡುತ್ತೇವೆ. ಕಣ್ಣಿನ ಸೈಜಿನ ಜಗಳ ಅದು ಮುಗಿದ ಮೇಲೆ.

ಸ್ಪೈಡರ್‌ವರ್ಸ್ ಗೆಳತಿಗೆ ಫ್ರೇಮ್ ಎಣಿಕೆಯ ವಿಷಯ ತುಂಬಾ ಹಿಡಿಸಿತು. ಹುಡುಗಿಯನ್ನು ಸೆಕೆಂಡಿಗೆ 12ರಲ್ಲಿ, ಮುದುಕನ ಕೈಗಳನ್ನು ಮಾತ್ರ 24ರಲ್ಲಿ ಮಾಡೋಣ ಅನ್ನುತ್ತಿದ್ದಾಳೆ. ಕಿವಿ ಹೋದರೂ ಕೈ ಪಳಗಿದ್ದೇ ಅಲ್ವಾ ಅಂತ ಅವಳ ವಾದ. ಆದರೆ ಒಂದೇ ಪಾತ್ರದ ಕೈ ಒಂದು ಎಣಿಕೆಯಲ್ಲಿ, ಮೈ ಇನ್ನೊಂದರಲ್ಲಿ ಇದ್ದರೆ ಮಣಿಕಟ್ಟಿನ ಹತ್ತಿರ ಒಡೆದ ಹಾಗೆ ಕಾಣುವುದಿಲ್ಲವಾ? ಕಡಿಮೆಫ್ರೇಮ್ ಅವರೇ, ಮಾಡಿ ನೋಡಿದ ಅನುಭವ ಇದ್ದರೆ ಹೇಳಿ.

ಕಡಿಮೆಫ್ರೇಮ್:

ತೋಳು ಆಡುತ್ತಿರುವಾಗ ಒಡೆದ ಹಾಗೆಯೇ ಕಾಣುತ್ತದೆ. ತೋಳನ್ನು ಮೇಜಿನ ಮೇಲೆ ಊರಿ ನಿಲ್ಲಿಸಿ, ಬೆರಳು ಮಾತ್ರ ಆಡಿಸಿ. ಮಣಿಕಟ್ಟಿಗೆ ಅಂಗಿಯ ತೋಳಿನ ಪಟ್ಟಿ ಬರಲಿ, ಯೋಗಿ ಕರಡಿಯ ಕಾಲರ್ ಮಾಡಿದ ಕೆಲಸವನ್ನೇ ಅದು ಮಾಡುತ್ತದೆ. ಕ್ಲೋಸಪ್‌ನಲ್ಲಿ ಧೈರ್ಯವಾಗಿ ಮಾಡಬಹುದು. ಒಂದು ಶಾಟ್ ಮಾಡಿ ಇಲ್ಲಿ ಹಾಕಿ, ಫ್ರೇಮ್ ಫ್ರೇಮ್ ನೋಡಿ ಹೇಳುತ್ತೇನೆ.